ನೆತ್ತಿ ಮೇಲಿನ ಸ್ವಾತಿ

ಮೇ ತಿಂಗಳಲ್ಲಿ ವಿಜಯಪುರದಲ್ಲಿ ಮನೆಯೊಳಗೆ ಮಲಗುವವರು ಎರಡೇ ಥರ. ಏಸಿ ಇದ್ದವರು, ಇಲ್ಲಾ ಹಟ ಇದ್ದವರು. ನನ್ನ ಹತ್ತಿರ ಎರಡೂ ಇಲ್ಲ. ಊಟ ಮುಗಿದ ಕೂಡಲೇ ಚಾಪೆ, ಕೌದಿ, ಒಂದು ತಂಬಿಗೆ ನೀರು ಹಿಡಿದು ಮಾಳಿಗೆ ಹತ್ತುತ್ತೇನೆ. ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ಕೂತಿರುತ್ತದೆ. ಎರಡು ಕೊಡ ನೀರು ಸುರಿದರೆ ಕಾದ ಹಂಚಿನ ಹಾಗೆ ಚುಂಯ್ ಅನ್ನುತ್ತದೆ. ಅದು ಆರುವವರೆಗೆ ಕಟ್ಟೆಯ ಮೇಲೆ ಕೂತು ಓಣಿ ನೋಡುವುದು. ಆಮೇಲೆ ಅಂಗಾತ ಬಿದ್ದುಕೊಂಡು ಆಕಾಶ ನೋಡುವುದು.

ಹೀಗೆ ಬಿದ್ದುಕೊಂಡಾಗ, ತಿಂಗಳ ಕೊನೆಯ ಹೊತ್ತಿಗೆ, ರಾತ್ರಿ ಹತ್ತರ ಸುಮಾರಿಗೆ, ನನ್ನ ಮೂಗಿನ ನೇರಕ್ಕೆ ಒಂದು ನಕ್ಷತ್ರ ಬಂದು ನಿಂತಿರುತ್ತದೆ. ಒಲೆಯಲ್ಲಿ ಉಳಿದ ಕೆಂಡದ ಬಣ್ಣ. ಉಳಿದ ನಕ್ಷತ್ರಗಳು ಹುಡುಕಿದರೆ ಸಿಗುತ್ತವೆ. ಇದು ತಾನೇ ನಮ್ಮನ್ನು ಹುಡುಕಿಕೊಂಡು ಬಂದ ಹಾಗಿರುತ್ತದೆ. ಇದೇ ಸ್ವಾತಿ. ಇಂಗ್ಲಿಷ್ ಪುಸ್ತಕಗಳಲ್ಲಿ ಆರ್ಕ್ಟ್ಯೂರಸ್. ಅದು ಗ್ರೀಕರು ಕೊಟ್ಟ ಹೆಸರು, ಕರಡಿ ಕಾಯುವವನು ಅಂತ ಅರ್ಥ. ಸಪ್ತರ್ಷಿಗಳ ಆ ಜಾಗದಲ್ಲಿ ಅವರಿಗೆ ದೊಡ್ಡ ಕರಡಿ ಕಂಡಿತ್ತು. ಅದರ ಬೆನ್ನು ಹತ್ತಿ ಹೋಗುವ ಇವನು ಕಾವಲುಗಾರ. ಕರಡಿ ಕಾಯುವುದು ಯಾವ ಸುಖಕ್ಕೋ! ಎಮ್ಮೆ ಕಾಯುವವನು ಅಂದಿದ್ದರೆ ನಮಗೂ ತಿಳಿಯುತ್ತಿತ್ತು.

ಮೂಗಿನ ನೇರ ಅಂದದ್ದು ಸುಮ್ನೆ ಅಲಂಕಾರಕ್ಕಲ್ಲ. ವಿಜಯಪುರ ಇರುವುದು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸ್ವಾತಿ ತಿರುಗಾಡುವ ದಾರಿ 19 ಡಿಗ್ರಿ ಉತ್ತರ. ಅಂದರೆ ನಮ್ಮ ನಡುನೆತ್ತಿಯಿಂದ ಬರೀ ಎರಡು ಡಿಗ್ರಿ ಚಿಲ್ಲರೆ ಆಚೆ ಹಾದುಹೋಗುತ್ತದೆ. ಲಂಡನ್ನಿನವರು ಕತ್ತು ಓರೆ ಮಾಡಿ ನೋಡಬೇಕು. ನಾವು ಮಲಗಿದರೆ ಸಾಕು. ನಮ್ಮ ಜಿಲ್ಲೆಗೆ ಪುಕ್ಕಟೆ ಸಿಕ್ಕ ಸೌಲಭ್ಯಗಳು ಕಡಿಮೆ. ಇದೊಂದನ್ನಾದರೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಪಕ್ಕದ ಮಾಳಿಗೆಯವರು ಮೊನ್ನೆ ಕೇಳಿದರು. "ಕಾಕಾ, ಅದು ಮಂಗಳ ಹೌದಲ್ರೀ?"

"ಅಲ್ಲಪಾ, ಸ್ವಾತಿ."

"ಮತ್ತ ಕೆಂಪಗದಲ್ರೀ?"

ಕೆಂಪಗಿದ್ದದ್ದೆಲ್ಲ ಮಂಗಳ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಸಪ್ತರ್ಷಿ ಮಂಡಲದ ಸೌಟು ನೋಡು, ಅದರ ಹಿಡಿ ಬಾಗಿದೆಯಲ್ಲ, ಆ ಬಾಗನ್ನು ಹಾಗೇ ಮುಂದುವರಿಸು, ಮೊದಲು ಸಿಗುವುದು ಸ್ವಾತಿ, ಇನ್ನೂ ಮುಂದೆ ಹೋದರೆ ಚಿತ್ತಾ ಅಂತ ತೋರಿಸಿದೆ. ಚಿತ್ತಾ ನೀಲಿ ಬೆರೆತ ಬಿಳಿ. ಅದನ್ನೊಮ್ಮೆ ನೋಡಿ ಸ್ವಾತಿಗೆ ಬಂದರೆ ಬಣ್ಣದ ವ್ಯತ್ಯಾಸ ಎಂಥ ಕಣ್ಣಿಗೂ ಗೊತ್ತಾಗುತ್ತದೆ. ಅವರು ನೋಡಿದರು. "ಇದು ಜಾಸ್ತಿ ಕಾದದರೀ, ಅದಕ್ಕ ಕೆಂಪಗದ" ಅಂದರು. ಇದೂ ಉಲ್ಟಾ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಕಡೆಗೆ ಬಿಳಿ. ಬಿಳಿಯೇ ಹೆಚ್ಚು ಬಿಸಿ. ನಮ್ಮ ಸೂರ್ಯನ ಮೈ ಸುಮಾರು 5500 ಡಿಗ್ರಿ ಸೆಲ್ಸಿಯಸ್ ಇದ್ದರೆ ಸ್ವಾತಿಯದು 4000ದ ಆಸುಪಾಸು. ವಿಜಯಪುರದ ಬಿಸಿಲು ತಿಂದವರಿಗೆ 4000 ಅಂದರೆ ಸ್ವಲ್ಪ ತಂಪು ಅಂತ ಹೇಳುವಾಗ ನನಗೇ ನಗು ಬಂತು.

ತಂಪಾಗಿದ್ದರೂ ಇಷ್ಟು ಹೊಳೆಯುವುದು ಮೈ ದೊಡ್ಡದಾದ್ದರಿಂದ. ಸ್ವಾತಿಯ ತೂಕ ಹೆಚ್ಚೂಕಡಿಮೆ ನಮ್ಮ ಸೂರ್ಯನಷ್ಟೇ. ವಯಸ್ಸು ಮಾತ್ರ ಹೆಚ್ಚು. ಸೂರ್ಯನಿಗೆ 460 ಕೋಟಿ ವರ್ಷವಾದರೆ ಇದಕ್ಕೆ 700 ಕೋಟಿಯ ಅಂದಾಜು. ಹೊಟ್ಟೆಯ ನಡುವಿನ ಹೈಡ್ರೋಜನ್ ಉರಿದು ಮುಗಿದ ಮೇಲೆ ನಕ್ಷತ್ರದ ಹೊರಮೈ ಉಬ್ಬುತ್ತದೆ, ಉಬ್ಬಿದ್ದು ತಂಪಾಗಿ ಕೇಸರಿಗೆ ತಿರುಗುತ್ತದೆ. ಸ್ವಾತಿ ಸೂರ್ಯನ ಅಗಲದ ಸುಮಾರು 25 ಪಟ್ಟು ಉಬ್ಬಿದೆ. ಬೆಳಕು ಸುಮಾರು 170 ಪಟ್ಟು. ಎಲ್ಲ ಬಿಟ್ಟು ನೆತ್ತಿ ಮೇಲೆ ಕೂತು ಕೆಳಗಿನವರನ್ನು ನೋಡುವ ದೊಡ್ಡವ್ವನ ಹಾಗೆ. ಸೂರ್ಯನಿಗೂ ಒಂದು ದಿನ ಈ ಗತಿ ಇದೆ. ಇನ್ನೂ 500 ಕೋಟಿ ವರ್ಷ ಇದೆ ಅನ್ನುತ್ತಾರೆ, ಈ ಮೇ ತಿಂಗಳಿಗೆ ಅದರಿಂದ ಏನೂ ಉಪಯೋಗವಿಲ್ಲ.

25 ಪಟ್ಟು ಅಂದರೆ ಎಷ್ಟು ಅಂತ ತಿಳಿಯಲು ನಮ್ಮೂರಿನವರಿಗೆ ಅಳತೆಗೋಲು ಬೇರೆ ಬೇಡ. ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದ ಗುಮ್ಮಟ ಹೊರಗಡೆ ಸುಮಾರು 44 ಮೀಟರ್ ಅಗಲ. ಅದು ಸ್ವಾತಿ ಅಂತ ಇಟ್ಟುಕೊಂಡರೆ, ಸೂರ್ಯ ಕೆಳಗೆ ಅಂಗಳದಲ್ಲಿ ನಿಂತ ಆಳೆತ್ತರದ ಚೆಂಡು. ಭೂಮಿ? ತಿಕೋಟಾ ಕಡೆಯ ಒಂದು ದ್ರಾಕ್ಷಿ ಹಣ್ಣು. ಆ ದ್ರಾಕ್ಷಿಯ ಮೇಲೆ ವಿಜಯಪುರ, ವಿಜಯಪುರದೊಳಗೆ ನಮ್ಮ ಓಣಿ, ಓಣಿಯಲ್ಲಿ ಮೊನ್ನೆ ನಳದ ಪಾಳಿಗಾಗಿ ನಡೆದ ಜಗಳ.

ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಸುಮಾರು 37 ವರ್ಷ ಬೇಕು. ನಕ್ಷತ್ರಗಳ ಲೆಕ್ಕದಲ್ಲಿ ಇದು ಪಕ್ಕದ ಓಣಿ. ನಮ್ಮ ಲೆಕ್ಕದಲ್ಲಿ ಮಾತ್ರ ಸಣ್ಣದಲ್ಲ. ಈಗ ನನ್ನ ಕಣ್ಣಿಗೆ ಬೀಳುವ ಬೆಳಕು ಹೊರಟಾಗ ನಮ್ಮೂರಿನ ಹೆಸರು ಬಿಜಾಪುರ, ಬಾಗಲಕೋಟೆಯೂ ನಮ್ಮ ಜಿಲ್ಲೆಯೊಳಗೇ. ಹಳೇ ಬಾಗಲಕೋಟೆಯ ಪೇಟೆಗೆ ಆಲಮಟ್ಟಿಯ ಹಿನ್ನೀರು ಇನ್ನೂ ನುಗ್ಗಿರಲಿಲ್ಲ. ಬೆಳಕು ದಾರಿಯಲ್ಲಿದ್ದಾಗ, 1997ರಲ್ಲಿ, ಇಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಎರಡು ಜಿಲ್ಲೆಯಾಯಿತು. 2014ರಲ್ಲಿ ಊರಿನ ಹೆಸರೂ ಬದಲಾಯಿತು. ಪಾಪ, ಹಳೇ ವಿಳಾಸ ಬರೆದುಕೊಂಡು ಹೊರಟ ಪತ್ರ, ಹೇಗೋ ಸರಿಯಾದ ಮಾಳಿಗೆಗೇ ಬಂದು ಮುಟ್ಟಿದೆ.

ಇದೇ ಬೆಳಕನ್ನು ಅಮೆರಿಕದವರು ಒಮ್ಮೆ ಸ್ವಿಚ್ಚಿನ ಹಾಗೆ ಬಳಸಿದರು. 1893ರಲ್ಲಿ ಶಿಕಾಗೋದಲ್ಲಿ ದೊಡ್ಡ ಜಾಗತಿಕ ಮೇಳ ನಡೆದಿತ್ತು. 40 ವರ್ಷದ ನಂತರ, 1933ರ ಮೇ ತಿಂಗಳಲ್ಲಿ, ಅಲ್ಲೇ ಮತ್ತೊಂದು. ಸ್ವಾತಿ 40 ಬೆಳಕಿನ ವರ್ಷ ದೂರ ಇದೆ ಅಂತ ಆಗಿನ ಲೆಕ್ಕ. ಹಾಗಾದರೆ ಹಿಂದಿನ ಮೇಳದ ಹೊತ್ತಿಗೆ ಹೊರಟ ಬೆಳಕೇ ಈಗ ಬರುತ್ತಿದೆ ಅಂತ ಅದನ್ನು ಟೆಲಿಸ್ಕೋಪಿನಲ್ಲಿ ಹಿಡಿದರು, ಬೆಳಕಿನಿಂದ ಕರೆಂಟು ಹುಟ್ಟಿಸುವ ಸೆಲ್ಲಿನ ಮೇಲೆ ಬಿಟ್ಟರು, ಆ ಕರೆಂಟನ್ನು ದೊಡ್ಡದು ಮಾಡಿ ಮೇಳದ ದೀಪ ಹಚ್ಚಿದರು. ಲೆಕ್ಕ ಮೂರು ವರ್ಷ ತಪ್ಪಿತ್ತು ಅಂತ ಆಮೇಲೆ ಗೊತ್ತಾಯಿತು. ಇರಲಿ ಬಿಡಿ. ಲಗ್ನದ ಮುಹೂರ್ತಕ್ಕೆ ಅರ್ಧ ತಾಸು ತಡವಾಗಿ ಅಕ್ಷತೆ ಹಾಕಿದವರು ನಾವು, ನಮಗೆ ಅದರಲ್ಲೇನು. ಅಲ್ಲಿ ಸ್ವಾತಿ ಬಂದು ದೀಪ ಹಚ್ಚಿತು. ನಮ್ಮ ಓಣಿಯಲ್ಲಿ ಕರೆಂಟು ಹೋದಾಗಲೇ ಸ್ವಾತಿ ಚಲೋ ಕಾಣುವುದು.

ನಕ್ಷತ್ರಗಳು ಇದ್ದಲ್ಲೇ ಇರುತ್ತವೆ ಅಂತ ಬಹಳ ಕಾಲ ಜನ ನಂಬಿದ್ದರು. ಧೂಮಕೇತುವಿಗೆ ಹೆಸರು ಕೊಟ್ಟ ಹ್ಯಾಲಿ ಇದ್ದಾನಲ್ಲ, ಅವನು 1718ರಲ್ಲಿ ಗ್ರೀಕರ ಹಳೇ ಪಟ್ಟಿ ತೆಗೆದು ಹೋಲಿಸಿ ನೋಡಿದ. ಸ್ವಾತಿ ಜಾಗ ಬಿಟ್ಟಿತ್ತು. ಎರಡು ಹುಣ್ಣಿಮೆ ಚಂದ್ರನನ್ನು ಒತ್ತಟ್ಟಿಗೆ ಇಟ್ಟಷ್ಟು ಸರಿದಿತ್ತು. ನಮ್ಮ ಸೂರ್ಯನಿಗೆ ಹೋಲಿಸಿದರೆ ಅದರ ಓಟ ಸೆಕೆಂಡಿಗೆ ಸುಮಾರು 120 ಕಿಲೋಮೀಟರ್. ಆ ವೇಗದಲ್ಲಿ ವಿಜಯಪುರದಿಂದ ಬೆಳಗಾವಿಗೆ ಎರಡು ಸೆಕೆಂಡು. ನಮ್ಮ ಬಸ್ಸಿನಲ್ಲಿ ಮುಂಜಾನೆ ಹತ್ತಿದವನು ಮಧ್ಯಾಹ್ನ ಇಳಿಯುತ್ತಾನೆ, ನಡುವೆ ಎರಡು ಸಲ ಚಹಾ. ಇಷ್ಟು ಓಡುವ ನಕ್ಷತ್ರ ಕಣ್ಣಿಗೆ ನಿಂತ ಹಾಗೆ ಕಾಣುವುದು ಬರೀ ದೂರದಿಂದ.

ಇದೆಲ್ಲ ನಾನು ದೊಡ್ಡವನಾದ ಮೇಲೆ ಓದಿ ತಿಳಿದದ್ದು. ಸ್ವಾತಿ ಅನ್ನುವ ಹೆಸರು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ಮೊದಲು, ನಮ್ಮ ಆಯಿಯ ಬಾಯಿಂದ. ಆಕೆಗೆ ಮಳೆಗಳೆಲ್ಲ ಬೀಗರ ಹಾಗೆ. ಯಾರು ಯಾವಾಗ ಬರುತ್ತಾರೆ, ಯಾರು ಬಂದರೆ ಏನು ತರುತ್ತಾರೆ, ಯಾರು ಬಂದರೂ ಬರದಿದ್ದರೂ ಒಂದೇ, ಎಲ್ಲ ಬಾಯಿಪಾಠ. ರೋಹಿಣಿ, ಮಿರಗ, ಆರಿದ್ರಾ ಅಂತ ಶುರು ಮಾಡಿದರೆ ಚಿತ್ತಿ, ಸ್ವಾತಿ, ವಿಶಾಖಿವರೆಗೂ ನಿಲ್ಲುತ್ತಿರಲಿಲ್ಲ. ನನಗೆ ಇನ್ನೊಂದು ರೊಟ್ಟಿ ಹಾಕುವಾಗ "ಮಘಿ ಮಳಿ ಬಂದಷ್ಟೂ ಚಲೋ, ಮನಿಮಗ ಉಂಡಷ್ಟೂ ಚಲೋ" ಅನ್ನುವಳು. ಯುಗಾದಿಗೆ ಪಂಚಾಂಗ ಓದಿಸಿ ಪ್ರತಿ ಮಳೆಯ ವಾಹನ ಕೇಳುವಳು. ಕಪ್ಪೆ, ನವಿಲು ಅಂದರೆ ಮುಖ ಅರಳುತ್ತಿತ್ತು. ಕತ್ತೆ ಅಂದರೆ, "ಹೋತು ತಗೀರಿ, ಎಲ್ಲಿ ಒದರಿ ಎಲ್ಲಿ ನಿಂದರ್ತಾಳೋ!"

ಸ್ವಾತಿಗೆ ಮಾತ್ರ ಬೇರೆಯೇ ಮರ್ಯಾದೆ. ಸ್ವಾತಿ ಮಳೆಯ ಹನಿ ಕಡಲಿನ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ವಿಜಯಪುರಕ್ಕೆ ಕಡಲೂ ಇಲ್ಲ, ಚಿಪ್ಪೂ ಇಲ್ಲ. ನಮ್ಮಲ್ಲಿ ಮುತ್ತು ಅಂದರೆ ಬಿಳಿಜೋಳ. "ಸ್ವಾತಿ ಮಳಿ ಬಂದ್ರ ಮುತ್ತಿನಂಥಾ ಜ್ವಾಳ ನೋಡಪಾ" ಅಂತ ಆಯಿ ಅಂಗೈ ಕೂಡಿಸಿ ಬೊಗಸೆ ಮಾಡಿ ತೋರಿಸುವಳು, ಅದರಲ್ಲಿ ಈಗಲೇ ಕಾಳು ಇದ್ದ ಹಾಗೆ. ಅದರಲ್ಲಿ ಸುಳ್ಳೇನಿಲ್ಲ. ಹಿಂಗಾರಿ ಜೋಳ ಬಿತ್ತಿ, ಅದು ಗೇಣುದ್ದ ಎದ್ದ ಹೊತ್ತಿಗೆ ಮುಂಗಾರು ಊರು ಬಿಟ್ಟಿರುತ್ತದೆ. ಅಕ್ಟೋಬರ್ ಕೊನೆಗೆ ಒಂದು ಹದ ಮಳೆ ಬಿದ್ದರೆ ಎರೆ ಭೂಮಿ ಅದನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಮುಂದೆ ಆ ಹಸಿ, ಚಳಿಗಾಲದ ಇಬ್ಬನಿ, ಇಷ್ಟರ ಮೇಲೇ ಬೆಳೆ ಬರಬೇಕು. ಸಂಕ್ರಾಂತಿ ಸುಮಾರಿಗೆ ಹೊಲದಲ್ಲಿ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ತಿನ್ನುವಾಗ ಬಾಯಿಗೆ ಬರುವ ಸಿಹಿ ಆ ಒಂದು ಮಳೆಯದು. ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ ಅನ್ನುವುದು ಡೋಣಿ ಹೊಳೆ ಸಾಲಿನ ಇಂಥ ನೆಲ ನೋಡಿಯೇ.

ಆಗ ನಮ್ಮದು ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಎಲ್ಲರೂ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಒಂದು ರಾತ್ರಿ ನಾನು ಕೇಳಿದೆ.

"ಆಯಿ, ಸ್ವಾತಿ ಎಲ್ಲಿರ್ತಾಳ?"

"ಮಳ್ಯಾಗ."

"ಮತ್ತ ಅಕಾ, ಮ್ಯಾಲಿರೋ ಅದು ಯಾವ ಚಿಕ್ಕಿ?"

"ಅದು ಕೆಂಪು ಚಿಕ್ಕಿ. ಅದು ನೆತ್ತಿಗೆ ಬಂತಂದ್ರ ಹೊತ್ತು ಬಾಳಾತು. ಸುಮ್ನ ಮಕ್ಕೊ."

ಆಕೆಗೆ ಎರಡೂ ಗೊತ್ತಿದ್ದವು. ಮಳೆಯೂ ಗೊತ್ತು, ಚಿಕ್ಕಿಯೂ ಗೊತ್ತು. ಎರಡಕ್ಕೂ ಒಂದೇ ಹೆಸರು ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮಳೆಗೆ ಹೆಸರು ಬರುವುದು ಆಗ ಸೂರ್ಯ ಯಾವ ನಕ್ಷತ್ರದ ಮನೆಯಲ್ಲಿದ್ದಾನೆ ಅನ್ನುವುದರ ಮೇಲೆ. ವರ್ಷಕ್ಕೆ 27 ಮನೆ, ಒಂದೊಂದರಲ್ಲಿ 13-14 ದಿನದ ವಸತಿ. ಸೂರ್ಯ ಮನೆಗೆ ಬಂದಾಗ ಮನೆಯೊಡತಿ ಅವನ ಬೆಳಕಿನಲ್ಲಿ ಮುಳುಗಿಹೋಗುತ್ತಾಳೆ. ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣುವುದಿಲ್ಲ. ಸ್ವಾತಿ ಸೂರ್ಯನ ದಾರಿಯಿಂದ ಸಾಕಷ್ಟು ಉತ್ತರಕ್ಕೆ ಇರುವುದರಿಂದ ಪೂರ್ತಿ ಮುಚ್ಚುವುದಿಲ್ಲ, ಆದರೂ ಆ ದಿನಗಳಲ್ಲಿ ಹೊತ್ತು ಮುಳುಗಿ ಒಂದು ತಾಸಿನೊಳಗೆ ತಾನೂ ಮುಳುಗುತ್ತದೆ. ತನ್ನ ಹೆಸರಿನ ಮಳೆ ಬರುವಾಗ ತಾನೇ ಊರಲ್ಲಿರುವುದಿಲ್ಲ. ನೆಲ ಬಿರುಕು ಬಿಟ್ಟ ಮೇ ತಿಂಗಳಲ್ಲಿ, ಒಂದು ಹನಿಗೂ ಗತಿಯಿಲ್ಲದಾಗ, ರಾತ್ರಿಯೆಲ್ಲ ನಮ್ಮ ಎದೆಯ ಮೇಲೆ ಕೂತಿರುತ್ತದೆ. ಎಂಥಾ ಸ್ವಭಾವ ಇದು!

ಹೋದ ವರ್ಷ ನಾನೂ ಹಟಕ್ಕೆ ಬಿದ್ದೆ. ಎರಡನ್ನೂ ಒಟ್ಟಿಗೆ ಒಮ್ಮೆಯಾದರೂ ನೋಡಬೇಕು ಅಂತ. ಸ್ವಾತಿ ಮಳೆ ಹತ್ತಿದ ಮೂರನೇ ದಿನ, ಸಂಜೆ ಚಹಾದ ಲೋಟ ಹಿಡಿದು ಮಾಳಿಗೆ ಹತ್ತಿದೆ. ಪಡುವಣದಲ್ಲಿ ಇನ್ನೂ ಕೆಂಪು ಇತ್ತು. ಸೂರ್ಯ ಹೋದ ಜಾಗದಿಂದ ಸ್ವಲ್ಪ ಬಲಕ್ಕೆ, ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ, ಅಲ್ಲೇ ಇರಬೇಕು ಅಂತ ಲೆಕ್ಕ ಹಾಕಿ ಕಣ್ಣು ನೆಟ್ಟು ನಿಂತೆ. ಟ್ಯಾಂಕಿನ ಹಿಂದಿನಿಂದ ಒಂದು ಮೋಡ ಎದ್ದು ನಿಧಾನಕ್ಕೆ ಅಗಲವಾಗತೊಡಗಿತು. ಮೋಡದ ಅಂಚಿಗೆ ಕೇಸರಿ ಚುಕ್ಕೆಯಂಥದ್ದು ಒಂದು ಸಲ ಮಿನುಗಿತು, ಅಥವಾ ಮಿನುಗಿದ ಹಾಗೆ ನನಗೆ ಅನ್ನಿಸಿತು. ಇನ್ನೊಂದು ಸಲ ನೋಡೋಣ ಅಂತ ಕನ್ನಡಕ ಒರೆಸಿಕೊಂಡೆ. ಹಾಕಿಕೊಂಡ ಕೂಡಲೇ ಅದರ ಮೇಲೆ ಟಪ್ ಅಂತ ದೊಡ್ಡದೊಂದು ಹನಿ.

ಕೆಳಗಿನಿಂದ ಹೆಂಡತಿ ಕೂಗಿದಳು. "ಮಳಿ ಬಂತು, ಮ್ಯಾಲೇ ಅದೀರಲ್ಲ, ಅರಿವಿ ತಗೀರಿ!"

ಲೋಟ ಕಟ್ಟೆಯ ಮೇಲೆ ಬಿಟ್ಟು ಎರಡೂ ಕೈಯಿಂದ ಅರಿವಿ ಬಾಚಿಕೊಂಡೆ. ಇಳಿಯುವಾಗ ಒಮ್ಮೆ ತಿರುಗಿ ನೋಡಿದೆ. ಟ್ಯಾಂಕೂ ಕಾಣುತ್ತಿರಲಿಲ್ಲ.