ಭೂಸುಧಾರಣಾ ಕಾಯ್ದೆಯ 79ಎ, 79ಬಿ ವಾಪಸ್ ತನ್ನಿ

ನಿನ್ನೆ ಊರಿಗೆ ಹೋಗಿದ್ದೆ. ನಮ್ಮ ಹೊಲದ ಪಕ್ಕ ಹೊಸ ಬೋರ್ಡು ನಿಂತಿದೆ. 'ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್, ಕಾಲು ಎಕರೆಯಿಂದ ಲಭ್ಯ.' ರಾಗಿ ಬೆಳೆಯುತ್ತಿದ್ದ ಜಾಗಕ್ಕೆ ತಂತಿ ಬೇಲಿ, ದೊಡ್ಡ ಗೇಟು. ನಮ್ಮ ಬಂಡಿ ದಾರಿಯೂ ಅದರೊಳಗೆ ಸೇರಿಹೋಗಿದೆ. 'ಯಾರು ಬೇಕಿತ್ತು ಸಾರ್?' ಅಂತ ಸೆಕ್ಯುರಿಟಿ ಹುಡುಗ ಕೇಳಿದ. ನಮ್ಮೂರಲ್ಲಿ, ನನ್ನನ್ನು! ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಮನೆ ಕತೆ ಹೇಳಬೇಕು. ತಾತ ಗೇಣಿದಾರ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ, ಗೇಣಿದಾರರು ಒಡೆತನ ಕೇಳುವ ಅರ್ಜಿಯಾದ ಫಾರಂ 7 ಹಾಕಿ, ಉಳುತ್ತಿದ್ದ ಮೂರು ಎಕರೆಗೆ ಒಡೆಯನಾದವರು.

ಅಂಥ ಭೂಮಿ ಮತ್ತೆ ಉಳದವರ ಕೈಗೆ ಹೋಗಬಾರದು ಅಂತಲೇ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಕಲಂಗಳು ಇದ್ದವು. ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಕಂಪನಿಗಳಿಗಂತೂ ಬಾಗಿಲೇ ಮುಚ್ಚಿತ್ತು. 2020ರಲ್ಲಿ, ಕೊರೊನಾ ನಡುವೆ, ಸುಗ್ರೀವಾಜ್ಞೆ ತಂದು ಎರಡನ್ನೂ ಕಿತ್ತುಹಾಕಿದರು. ಅದೂ 1974ರ ಮಾರ್ಚ್ 1ರಿಂದಲೇ ಅನ್ವಯವಾಗುವ ಹಾಗೆ! ನಡೆಯುತ್ತಿದ್ದ ಕೇಸುಗಳೂ ಬಿದ್ದುಹೋದವು. ಐದು ಜನರ ಕುಟುಂಬಕ್ಕೆ 54 ಎಕರೆ ಖುಷ್ಕಿ ಅಂತಿದ್ದ ಮಿತಿಯನ್ನು ಆ ಸುಗ್ರೀವಾಜ್ಞೆಯಲ್ಲಿ 108ಕ್ಕೆ ಏರಿಸಿದ್ದರು, ಆಮೇಲೆ ಅದೊಂದನ್ನು ಕೈಬಿಟ್ಟರು. ನಮ್ಮೂರಲ್ಲಿ 108 ಎಕರೆ ಕೊಳ್ಳುವ ರೈತ ಯಾರಿದ್ದಾರೆ ಹೇಳಿ?

'ರೈತನಿಗೆ ಒಳ್ಳೆ ರೇಟು ಸಿಗುತ್ತೆ ಅಲ್ವಾ?' ಅಂತಾರೆ. ಸಿಗುತ್ತೆ, ಒಂದೇ ಸಲ. ಆಮೇಲೆ ಪಕ್ಕದ ಹೊಲದವನು ರಾಗಿ ಮಾರಿದ ದುಡ್ಡಲ್ಲಿ ಹತ್ತು ಗುಂಟೆಯನ್ನೂ ಕೊಳ್ಳೋಕಾಗಲ್ಲ. ಈ ಕಲಂಗಳಿಂದ ಕಚೇರಿಗಳಲ್ಲಿ ಲಂಚ ಜಾಸ್ತಿಯಾಗಿತ್ತು ಅನ್ನೋದು ಇನ್ನೊಂದು ಮಾತು. ಹಾಗಾದರೆ ಲಂಚ ತಿಂದವರನ್ನು ಹಿಡಿಯಬೇಕಿತ್ತು. ಕಾಯ್ದೆ ಏನು ತಪ್ಪು ಮಾಡಿತ್ತು?

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. 2022ರಲ್ಲಿ ಅಮ್ಮನ ಆಪರೇಷನ್‌ಗೆ ನಾನೂ ಒಂದು ಎಕರೆ ಮಾರಿದೆ. ಪಕ್ಕದ ಹೊಲದ ಅಣ್ಣ ಅದಕ್ಕೆ ವರ್ಷಗಳಿಂದ ಆಸೆಪಟ್ಟಿದ್ದರು. ಬ್ರೋಕರ್ ಹೇಳಿದ ರೇಟು ಕೇಳಿ ಸುಮ್ನೆ ಎದ್ದುಹೋದರು. ಆ ಕಲಂ ಇದ್ದಿದ್ದರೆ ನನಗೆ ಸ್ವಲ್ಪ ಕಡಿಮೆ ದುಡ್ಡು ಸಿಗುತ್ತಿತ್ತು. ಅವರು ಅಲ್ಲಿ ಈಗಲೂ ಉಳುತ್ತಿದ್ದರು. ಆ ಎಕರೆ ಇವತ್ತು ಆ ಗೇಟಿನ ಒಳಗಿದೆ.

ದೇವನಹಳ್ಳಿಯ ರೈತರು ಮೂರು ವರ್ಷಕ್ಕೂ ಜಾಸ್ತಿ ಪಟ್ಟು ಹಿಡಿದು ಕೂತರು. 2025ರ ಜುಲೈನಲ್ಲಿ ಸರ್ಕಾರ 1777 ಎಕರೆ ಸ್ವಾಧೀನ ಕೈಬಿಟ್ಟಿತು. ಅದಾಗುತ್ತೆ ಅಂದರೆ ಇದೂ ಆಗಬೇಕು. ಶಾಸಕರಿಗೆ ಕೊಡೋಕೆ ಅರ್ಜಿ ಬರೆದಿದ್ದೇನೆ. ಭಾನುವಾರ ಸಹಿಗೆ ಊರಿಗೆ ತರುತ್ತೇನೆ. ಮೊದಲು ಆ ಅಣ್ಣನ ಮನೆಗೆ ಹೋಗಬೇಕು.