ಅಟ್ಟದ ಮೇಲಿನ ಅಪರಾಧಿ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಅಟ್ಟದ ಮೇಲಿನ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವನ್ನು ಕೆಳಗಿಳಿಸಿ, ಧೂಳು ಕೊಡವಿ, ಮಡಚಿದ ಕೊಂಬೆಗಳನ್ನು ಬಿಡಿಸಿ ನಡುಮನೆಯಲ್ಲಿ ನಿಲ್ಲಿಸುವ ಪದ್ಧತಿ ಒಂದು ಕಾಲದಲ್ಲಿತ್ತು. ಈಗಲೂ ಅದನ್ನು ಕೆಳಗಿಳಿಸುತ್ತಾರೆ, ಆದರೆ ಸಿಂಗರಿಸುವುದಕ್ಕಲ್ಲ, ವಿಚಾರಣೆಗೆ. ಮನೆಮಂದಿಯೆಲ್ಲ ಸುತ್ತ ಕುಳಿತು, ಇದರ ಎಲೆ ಪಿವಿಸಿ, ಕಾಂಡ ಉಕ್ಕು, ಎರಡನ್ನೂ ಬೇರ್ಪಡಿಸಿ ಮರುಸಂಸ್ಕರಣೆ ಮಾಡುವವರು ಸಿಗುವುದೇ ಕಷ್ಟ ಎಂದು ದೋಷಾರೋಪಗಳನ್ನು ಒಂದೊಂದಾಗಿ ಓದುತ್ತಾರೆ. ಆರೋಪಗಳೆಲ್ಲ ನಿಜವೇ. ನಾಲ್ಕು ಹಬ್ಬಗಳಲ್ಲಿ ನಿಷ್ಠೆಯಿಂದ ನಿಂತು ದುಡಿದ ಆ ಮರಕ್ಕೆ ಕೊನೆಗೆ ಗಡಿಪಾರಿನ ಶಿಕ್ಷೆಯಾಗಿ, ಅದರ ಜಾಗಕ್ಕೆ ‘ಸುಸ್ಥಿರ’ ಎಂಬ ಚೀಟಿ ತೂಗಿಸಿಕೊಂಡ ಹೊಸ ಮರವೊಂದು ಆಗಮಿಸುತ್ತದೆ. ಮರುಸಂಸ್ಕರಣೆ ಕಷ್ಟ ಎಂಬ ಕಾರಣಕ್ಕಾಗಿಯೇ ಒಂದು ವಸ್ತುವನ್ನು ಕಸಕ್ಕೆ ಎಸೆಯುವ ಈ ನ್ಯಾಯಶಾಸ್ತ್ರವನ್ನು ಯಾವ ಪಂಡಿತರು ರಚಿಸಿದರೋ ತಿಳಿಯದು.

ಲೆಕ್ಕವನ್ನು ಒಮ್ಮೆ ನೋಡಬೇಕು. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆಯ ಅಂದಾಜಿನಂತೆ ಎರಡು ಮೀಟರ್ ಎತ್ತರದ ಕೃತಕ ಮರವೊಂದರ ಹೆಸರಿನಲ್ಲಿ ಸುಮಾರು 40 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರಸೂಸುವಿಕೆ ಇದೆ. ಅದೇ ಎತ್ತರದ ನಿಜವಾದ ಮರ ಹಬ್ಬದ ನಂತರ ಕಸದ ಗುಂಡಿ ಸೇರಿ ಕೊಳೆತು ಮೀಥೇನ್ ಬಿಟ್ಟರೆ 16 ಕಿಲೋಗ್ರಾಂ, ಚೂರು ಮಾಡಿ ತೋಟಕ್ಕೆ ಹರಡಿದರೆ 3.5 ಕಿಲೋಗ್ರಾಂ. ಈ ಕೊನೆಯದರ ಜೊತೆ ತೂಗಿ ಋಣಮುಕ್ತವಾಗಬೇಕಾದರೆ ಕೃತಕ ಮರ ಹನ್ನೆರಡು ಹಬ್ಬಗಳನ್ನಾದರೂ ಕಾಣಬೇಕು. ನಮ್ಮ ಅಪರಾಧಿ ಕಂಡಿರುವುದು ನಾಲ್ಕು. ಸಾಲದ ಮೂರನೆಯ ಒಂದು ಭಾಗ ತೀರಿಸಿದವನನ್ನು ಸಾಲಗಾರನೆಂದು ಊರುಬಿಡಿಸಿ, ಹೊಸ ಸಾಲಗಾರನನ್ನು ಆರತಿ ಎತ್ತಿ ಒಳಗೆ ಕರೆದುಕೊಂಡಂತಾಯಿತು. ಹಳೆಯ ಮರ ಹುಟ್ಟುವಾಗ ಕಾರ್ಖಾನೆಯ ಚಿಮಣಿಯಿಂದ ಹೊರಟ ಹೊಗೆ, ಅದನ್ನು ಕಸದ ಗಾಡಿಗೆ ಹಾಕಿದೊಡನೆ ಪಶ್ಚಾತ್ತಾಪಪಟ್ಟು ಚಿಮಣಿಯೊಳಕ್ಕೆ ಹಿಂದಿರುಗುವುದಿಲ್ಲ.

ಆದರೆ ಇಲ್ಲಿ ನಡೆಯುತ್ತಿರುವುದು ಲೆಕ್ಕವಲ್ಲ, ಮಡಿ. ಪ್ಲಾಸ್ಟಿಕ್ ಮೈಲಿಗೆ, ಸೆಣಬು ಮಡಿ. ಮಿನುಗುವುದು ಮೈಲಿಗೆ, ಮಾಸಲು ಕಂದುಬಣ್ಣ ಮಡಿ. ಹೀಗಾಗಿ ಹಬ್ಬದ ಮನೆಯೆಲ್ಲ ಈಗ ಹಳೆಯ ಗೋದಾಮಿನ ಬಣ್ಣಕ್ಕೆ ತಿರುಗಿದೆ. ಮರದ ಕೆಳಗೆ ತಾನಾಗಿಯೇ ಉದುರಿ ಬೀಳುವ ಪೈನ್ ಕಾಯಿಗಳು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹನ್ನೆರಡರ ಲೆಕ್ಕದಲ್ಲಿ ಕುಳಿತು, ಹಡಗನ್ನೇರಿ ಸಮುದ್ರ ದಾಟಿ ಬಂದು, ‘ನೈಸರ್ಗಿಕ’ ಎಂಬ ಬಿರುದಿನೊಂದಿಗೆ ಮಾರಾಟವಾಗುತ್ತವೆ. ಅವುಗಳನ್ನು ನೇತುಹಾಕಲು ಸೆಣಬಿನ ದಾರವನ್ನು ಬೇರೆಯಾಗಿ ಕೊಳ್ಳಬೇಕು, ಏಕೆಂದರೆ ಮನೆಯಲ್ಲಿ ಮೊದಲೇ ಇದ್ದ ದಾರ ಹಸಿರು ಬಣ್ಣದ್ದು, ಮತ್ತು ಹಸಿರು ಸಾಕಷ್ಟು ಹಸಿರಲ್ಲ.

ಕಿತ್ತಳೆಹಣ್ಣಿನ ಬಿಲ್ಲೆಗಳ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ತಿನ್ನಬಹುದಾಗಿದ್ದ ಹಣ್ಣನ್ನು ತೆಳ್ಳಗೆ ಕತ್ತರಿಸಿ, 100 ಡಿಗ್ರಿಯ ಆಸುಪಾಸಿನಲ್ಲಿ ಮೂರು ನಾಲ್ಕು ಗಂಟೆ ವಿದ್ಯುತ್ ಓವನ್ನಿನಲ್ಲಿಟ್ಟು ಒಣಗಿಸಿದರೆ, ಪರಿಸರಕ್ಕೆ ಹೊರೆಯಾಗದ ತೋರಣ ಸಿದ್ಧವಾಗುತ್ತದೆ. ಅಷ್ಟರಲ್ಲಿ ಓವನ್ ಒಂದೆರಡು ಯೂನಿಟ್ ವಿದ್ಯುತ್ತನ್ನು ನುಂಗಿರುತ್ತದೆ. ಐದು ವ್ಯಾಟ್‌ನ ಎಲ್‌ಇಡಿ ದೀಪಮಾಲೆಯೊಂದು ದಿನಕ್ಕೆ ಆರು ಗಂಟೆಯಂತೆ ತಿಂಗಳಿಡೀ ಉರಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ. ಬಿಸಿಲಿನಲ್ಲೋ ಒಲೆಯ ಪಕ್ಕದ ಬೆಚ್ಚನೆಯ ಜಾಗದಲ್ಲೋ ಬಿಲ್ಲೆಗಳನ್ನು ಒಣಗಲು ಬಿಡಬಹುದಲ್ಲವೇ ಎಂದು ಕೇಳಿದರೆ, ಬಣ್ಣ ಚೆನ್ನಾಗಿ ಬರುವುದಿಲ್ಲ ಎಂಬ ಉತ್ತರ ಸಿಗುತ್ತದೆ. ಭೂಮಿ ಉಳಿಯಬೇಕು, ನಿಜ. ಆದರೆ ಫೋಟೋದಲ್ಲಿ ಚೆನ್ನಾಗಿ ಕಾಣುವಂತೆ ಉಳಿಯಬೇಕು.

ದೀಪಗಳ ಮಾತು ಬಂದಿತಲ್ಲ. 1882ರಲ್ಲಿ ಎಡಿಸನ್ನನ ಸಹವರ್ತಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕ್‌ನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ 80 ಪುಟ್ಟ ಬಲ್ಬುಗಳನ್ನು ಕ್ರಿಸ್‌ಮಸ್ ಮರಕ್ಕೆ ಸುತ್ತಿ, ಮರವನ್ನೇ ಗಿರಗಿರನೆ ತಿರುಗಿಸಿದಾಗ ಅದು ಪತ್ರಿಕೆಯಲ್ಲಿ ಬರುವಷ್ಟು ದೊಡ್ಡ ಸುದ್ದಿಯಾಗಿತ್ತು. ಇಂದು 80 ಬಲ್ಬುಗಳು ಬಚ್ಚಲುಮನೆಯ ಕನ್ನಡಿಗೂ ಸಾಲುವುದಿಲ್ಲ. ಹಳೆಯ ಕಾಲದ ನೂರು ಕಿರುಬಲ್ಬುಗಳ ಮಾಲೆ ಸುಮಾರು 40 ವ್ಯಾಟ್ ಎಳೆಯುತ್ತಿತ್ತು, ಇಂದಿನ ಎಲ್‌ಇಡಿ ಮಾಲೆಗೆ ಐದು ವ್ಯಾಟ್ ಸಾಕು. ಈ ಉಳಿತಾಯದಿಂದ ಹರ್ಷಗೊಂಡ ಗೃಹಸ್ಥನು ಬಾಲ್ಕನಿಗೆರಡು, ಕಿಟಕಿಗೆ ಮೂರು, ಮೆಟ್ಟಿಲಿಗೆ ನಾಲ್ಕು, ಹೂಕುಂಡಕ್ಕೊಂದು ಎಂದು ಒಟ್ಟು ಹತ್ತು ಮಾಲೆಗಳನ್ನು ತೂಗುಹಾಕಿ 50 ವ್ಯಾಟ್ ಉರಿಸುತ್ತಾನೆ. ಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸಲು ಕಲಿತಷ್ಟೂ ದೇಶ ಕಲ್ಲಿದ್ದಲನ್ನು ಹೆಚ್ಚಾಗಿ ಸುಡುತ್ತದೆ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಬರೆದಿದ್ದ. ಆಗಿನ್ನೂ ವಿದ್ಯುತ್ ದೀಪಮಾಲೆ ಹುಟ್ಟಿರಲಿಲ್ಲ, ಪಾಪ. ಇಂದಿನ ನಮ್ಮ ಬಾಲ್ಕನಿಗಳನ್ನು ಕಂಡಿದ್ದರೆ ಆತನಿಗೆ ಉದಾಹರಣೆ ಹುಡುಕುವ ಶ್ರಮವಾದರೂ ತಪ್ಪುತ್ತಿತ್ತು.

ಮಿನುಗುಪುಡಿಯ ವಿಷಯದಲ್ಲಿ ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿಯಾದ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ತಡೆ ಹಾಕಿತು, ಅದು ಒಳ್ಳೆಯದೇ. ಆದರೆ ಆ ಸುದ್ದಿಯನ್ನು ಓದಿದ ಉತ್ಸಾಹಿಗಳು ಮನೆಯಲ್ಲಿದ್ದ ಮಿನುಗುವ ಗುಂಡುಗಳನ್ನೆಲ್ಲ ಒಟ್ಟುಗೂಡಿಸಿ ಕಸಕ್ಕೆ ಸುರಿದರು. ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದ ಪ್ಲಾಸ್ಟಿಕ್ ಪುಡಿ ಹೀಗೆ ಶುದ್ಧಾಂತಃಕರಣದಿಂದ ಮಣ್ಣಿಗೆ ತಲುಪಿತು.

ಇತ್ತ ಹೊಸ ಮರ ಬಂದಿದೆ. ಬೆಳ್ಳನೆಯ ಕೋಲುಗಳನ್ನು ತ್ರಿಕೋನಾಕಾರದಲ್ಲಿ ಜೋಡಿಸಿದ ಅದು, ಮರದಿಂದಲೇ ಮಾಡಿದ್ದಾದರೂ, ಮರದಂತೆ ಕಾಣುವುದಕ್ಕೆ ನೋಡುವವರಿಂದಲೂ ಸ್ವಲ್ಪ ಸಹಕಾರವನ್ನು ಬೇಡುತ್ತದೆ. ಥರ್ಮೋಕೋಲ್ ಹಾಸಿನ ನಡುವಿನಿಂದ ಅದನ್ನು ಹೊರತೆಗೆದು, ಕಂದು ಕಾಗದದ ಕೈಪಿಡಿಯನ್ನು ನಾನು ಭಕ್ತಿಯಿಂದ ಬಿಡಿಸಿ ಓದಿದೆ. ಭೂತಾಯಿಯ ಬಗ್ಗೆ ಒಂದು ಪುಟ, ಕೋಲುಗಳ ಜೋಡಣೆಯ ಬಗ್ಗೆ ಅರ್ಧ ಪುಟ, ಕಡೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸೂಚನೆ: ತೇವದಿಂದ ರಕ್ಷಿಸಲು ಬಳಕೆಯ ನಂತರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇರಿಸತಕ್ಕದ್ದು.