ಬ್ಯಾಟರಿಗೆ ದುಡ್ಡು ಹಾಕೋ ಮೊದಲು ಮೀಟರ್ ನೋಡಿ

ದಾವಣಗೆರೆಯ ಮಿಲ್ಲು, ವರ್ಕ್‌ಶಾಪ್, ಹೋಟೆಲ್‌ನೋರು ಸೋಲಾರ್ ಅಂದ ಕೂಡಲೇ ಕೇಳೋದು "ಎಷ್ಟು ಕಿಲೋವ್ಯಾಟ್ ಹಾಕ್ಸಬೇಕು?" ಅಂತ. ಅದಕ್ಕೆ ಉತ್ತರ ನಿಮ್ಮ ಮೀಟರ್‌ನಲ್ಲೇ ಇದೆ. ಒಂದು ವಾರ ಬೆಳಿಗ್ಗೆ 9ಕ್ಕೆ, ಸಂಜೆ 4ಕ್ಕೆ ರೀಡಿಂಗ್ ಬರೆದಿಡಿ, ಎರಡರ ವ್ಯತ್ಯಾಸವೇ ಹಗಲಿನ ಬಳಕೆ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ, ಸುಮಾರು 100 ಚದರಡಿ ಜಾಗ ಬೇಕು. ಹಗಲಿಗೆ 80 ಯೂನಿಟ್ ಓಡುವ ಕಡೆ 20 ಕಿಲೋವ್ಯಾಟ್ ಸಾಕು. ಮುಖ ದಕ್ಷಿಣಕ್ಕೆ, ಓರೆ 14–15 ಡಿಗ್ರಿ. ಚಿತ್ರದುರ್ಗದ ಕಡೆ ಸ್ಟ್ಯಾಂಡನ್ನು ಬರೀ ಸಿಮೆಂಟ್ ಶೀಟಿಗೆ ಬಿಗಿಸಬೇಡಿ, ಬೋಲ್ಟ್ ಕೆಳಗಿನ ಕಬ್ಬಿಣಕ್ಕೇ ಹೋಗಬೇಕು. ಆ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ.

ಈಗ ಬ್ಯಾಟರಿ. ಆನ್-ಗ್ರಿಡ್, ಅಂದ್ರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಸೇರಿಸೋ ಇನ್ವರ್ಟರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತೆ, ಲೈನ್ ಮೇಲಿರೋ ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ. ಕರೆಂಟ್ ಇಲ್ಲದಾಗಲೂ ಕೆಲಸ ನಡೀಬೇಕಂದ್ರೆ ಬ್ಯಾಟರಿ ಜೋಡಿಸೋ ಹೈಬ್ರಿಡ್ ಇನ್ವರ್ಟರ್ ಬೇಕು. ಇಡೀ ರಾತ್ರಿ ಬ್ಯಾಟರಿ ಮೇಲೆ ಮಿಲ್ ಓಡಿಸೋ ಲೆಕ್ಕ ಮಾತ್ರ ಕೂಡಲ್ಲ. ಬ್ಯಾಟರಿ ಗಿಟ್ಟೋದು ಜನರೇಟರ್ ಬದಲು. 1 ಲೀಟರ್ ಡೀಸೆಲ್‌ಗೆ 3–3.5 ಯೂನಿಟ್, ಲೀಟರಿಗೆ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 26–30 ರೂಪಾಯಿ ಬೀಳುತ್ತೆ. 150 ಎಎಚ್‌ನ 4 ಟ್ಯೂಬುಲರ್ (12 ವೋಲ್ಟ್ ಲೆಡ್-ಆಸಿಡ್) ಬ್ಯಾಟರಿ ಅಂದ್ರೆ ಕಾಗದದ ಮೇಲೆ 7.2 ಯೂನಿಟ್. ಬಾಳಿಕೆ ಬರಬೇಕಂದ್ರೆ ಅರ್ಧವೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ ನೂರಕ್ಕೆ 80–90 ಭಾಗ ಸಿಗುತ್ತೆ.

"ಇನ್ವರ್ಟರ್ ಪದೇ ಪದೇ ಟ್ರಿಪ್ ಆಗುತ್ತೆ" ಅನ್ನೋ ದೂರಿನ ಹಿಂದೆ ಹೆಚ್ಚಾಗಿ ಮೋಟಾರ್ ಇರುತ್ತೆ. ನೇರ ಸ್ಟಾರ್ಟ್ ಆಗೋ 10 ಎಚ್‌ಪಿ ಮೋಟಾರ್ ಆ ಕ್ಷಣಕ್ಕೆ ಐದಾರು ಪಟ್ಟು ಆಂಪಿಯರ್ ಎಳೆಯುತ್ತೆ. ವಿಎಫ್‌ಡಿ (ಮೋಟಾರನ್ನು ನಿಧಾನಕ್ಕೆ ಸ್ಟಾರ್ಟ್ ಮಾಡೋ ಡ್ರೈವ್) ಹಾಕಿ, ಇಲ್ಲಾಂದ್ರೆ ದೊಡ್ಡ ಮೋಟಾರ್ ಜನರೇಟರ್‌ಗೇ ಬಿಡಿ. ಬಿಲ್ಲಿಂಗ್, ಲೈಟು, ಕ್ಯಾಮೆರಾ, ಫ್ರಿಜ್ಜು ಬೇರೆ ಡಿಬಿಗೆ (ಡಿಸ್ಟ್ರಿಬ್ಯೂಷನ್ ಬೋರ್ಡ್) ತಂದು ಬ್ಯಾಟರಿಗೆ ಕೊಡಿ.

ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಇದ್ದೋರು ಇದನ್ನ ಎರಡು ಸಲ ಓದಿ. ಸೋಲಾರ್ ಕಿಲೋವ್ಯಾಟ್ ಇಳಿಸುತ್ತೆ, ಮೋಟಾರ್‌ಗೆ ಬೇಕಾದ ರಿಯಾಕ್ಟಿವ್ ಪವರ್ (ಮೋಟಾರಿನ ಆಯಸ್ಕಾಂತ ಶಕ್ತಿಗೆ ಹೋಗೋ ಪಾಲು) ಮಾತ್ರ ಮೊದಲಿನಷ್ಟೇ ಬೆಸ್ಕಾಂ ಲೈನಿಂದ ಬರ್ತಾ ಇರುತ್ತೆ. ಹಾಗಾಗಿ ಮೀಟರ್‌ನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ಪಾಲು) ಬಿದ್ದು, ಯೂನಿಟ್ ಕಡಿಮೆಯಾದ ಬಿಲ್ಲಲ್ಲೇ ದಂಡ ಬಂದು ಕೂರುತ್ತೆ. ಪವರ್ ಫ್ಯಾಕ್ಟರ್ ಸರಿ ಮಾಡೋ ಕೆಪಾಸಿಟರ್ ಪ್ಯಾನೆಲ್‌ನ ಸಿಟಿ (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್) ಮೀಟರ್ ಕಡೆಗೆ, ಸೋಲಾರ್ ಸೇರೋ ಜಾಗಕ್ಕಿಂತ ಮುಂಚೆ ಇರಬೇಕು. ಇದನ್ನ ಹೇಳೋ ಮಾರಾಟಗಾರರು ಕಡಿಮೆ.

ಮಂಡಕ್ಕಿ ಭಟ್ಟಿ, ರೈಸ್ ಮಿಲ್ ಪಕ್ಕದಲ್ಲಿದ್ರೆ ಮಸಿ ಬೇಗ ಕೂರುತ್ತೆ. ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ತೊಳೆಯಿರಿ. ಗಡಸು ಬೋರ್‌ವೆಲ್ ನೀರು ಹಾಗೇ ಒಣಗಿದ್ರೆ ಬಿಳಿ ಕಲೆ ನಿಲ್ಲುತ್ತೆ.

ಮನೆಗಳಿಗಿರೋ ಸೂರ್ಯ ಘರ್ ಸಬ್ಸಿಡಿ ವ್ಯಾಪಾರಕ್ಕಿಲ್ಲ. ಆದಾಯ ತೆರಿಗೆಯಲ್ಲಿ ಸೋಲಾರ್‌ಗೆ 40% ಸವಕಳಿ (ಡೆಪ್ರಿಸಿಯೇಷನ್) ಇದೆ. ಆ ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದ್ರೆ ಮೊದಲ ವರ್ಷ ಅರ್ಧವೇ ಸಿಗೋದು, ಸೆಪ್ಟೆಂಬರ್ ಒಳಗೆ ಚಾಲೂ ಮಾಡಿಸಿ.